ಗಂಗಾವತಿಯಲ್ಲಿ ಹಳೇ ಸಾಫ್ಟ್ ಟಾಪ್ ಜಿಪ್ಸಿ ತಗೊಳ್ಳೋದಾದರೆ ಯಾವುದು: 1991, 1998, 2008?

ನನ್ನನ್ನು ಕೇಳಿದರೆ 2008ರ ಗಾಡಿ ತಗೊಳ್ಳಿ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ಅದು 2008ರಿಂದ 2011ರವರೆಗೆ ಯಾರ ಹತ್ತಿರ ಇತ್ತು, ಎಲ್ಲಿ ಓಡಾಡಿತು ಅನ್ನುವುದನ್ನು ಪತ್ತೆ ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೇರೆಯವರೂ ಓದುತ್ತಾರೆ, ಅದಕ್ಕೆ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ಇವರು ಗಂಗಾವತಿಯವರು. ಮನೆಯಲ್ಲಿ ಆಗಲೇ ಒಂದು ಕಾರಿದೆ. ಭಾನುವಾರ ಗಂಡ ಹೆಂಡತಿ ಇಬ್ಬರೇ ಟಾಪ್ ಬಿಚ್ಚಿಕೊಂಡು ಆನೆಗೊಂದಿ, ಸಣಾಪುರ ಕಡೆ ತಿರುಗಾಡಲು ಒಂದು ಮಾರುತಿ ಜಿಪ್ಸಿ ಬೇಕು. ಮೂರು ಗಾಡಿ ನೋಡಿ ಬಂದಿದ್ದಾರೆ. ಒಂದು 1991ರ ಸಾವಿರ ಸಿಸಿ ಗಾಡಿ, ಇನ್ನೊಂದು 1998ರ ಕಾರ್ಬ್ಯುರೇಟರ್ (ಪೆಟ್ರೋಲು, ಗಾಳಿ ಬೆರೆಸುವ ಹಳೇ ಸಾಧನ) ಇರುವ ಕಿಂಗ್, ಅಂದರೆ ದೊಡ್ಡ ಇಂಜಿನ್ನಿನ ಜಿಪ್ಸಿ, ಮತ್ತೊಂದು 2008ರ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಕಿಂಗ್. ಒಂದಕ್ಕಿಂತ ಒಂದು ದುಬಾರಿ. ಜಾಸ್ತಿ ದುಡ್ಡು ಕೊಟ್ಟು ಹೊಸದನ್ನೇ ತರಬೇಕಾ, ಹಳೆಯದೇ ಸಾಕಾ ಅನ್ನುವುದು ಅವರ ಗೊಂದಲ.

ನಾನು ಬಳ್ಳಾರಿಯವನು. ನಮ್ಮ ಮನೆಯಲ್ಲಿ ಮೊದಲು ಸಣ್ಣ ಇಂಜಿನ್ನಿನ ಜಿಪ್ಸಿ ಇತ್ತು. ಈಗ ಎಂಪಿಎಫ್‌ಐ ಇದೆ. ಎರಡರ ಕೆಳಗೂ ಮಲಗಿ ಕೈ ಕಪ್ಪು ಮಾಡಿಕೊಂಡವನು ನಾನು.

ನೀವು ಇಬ್ಬರೇ ಅಂದಿದ್ದು ಒಳ್ಳೆಯದಾಯಿತು. ಹಿಂದೆ ಎದುರುಬದುರು ಕೂರುವ ಸೀಟು ಇದೆ ನಿಜ, ಆದರೆ ಅಲ್ಲಿ ಕೂತು ಗಂಗಾವತಿಯಿಂದ ಕೊಪ್ಪಳ ಮುಟ್ಟುವಷ್ಟರಲ್ಲಿ ಬೆನ್ನು ಹಿಡಿಯುತ್ತದೆ. ಇದನ್ನು ಎರಡು ಸೀಟಿನ ಓಪನ್ ಗಾಡಿ ಅಂತಲೇ ಲೆಕ್ಕ ಹಾಕಿ. ಹಿಂದಿನ ಜಾಗ ಬ್ಯಾಗಿಗೆ, ನೀರಿನ ಕ್ಯಾನಿಗೆ ಇರಲಿ. ಪವರ್ ಸ್ಟೀರಿಂಗ್ ಇಲ್ಲ, ಕಂಪನಿಯ ಏಸಿ ಇಲ್ಲ, ಏರ್‌ಬ್ಯಾಗ್ ಇಲ್ಲ. ಈ ಮಾತು ಮೂರು ಗಾಡಿಗೂ ಒಂದೇ. ದಯವಿಟ್ಟು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೈವೇಗೆ ಹೋಗಬೇಡಿ.

ಈಗ ತಲೆಮಾರುಗಳ ವಿಷಯ. 1985ರ ಕೊನೆಗೆ ಜಿಪ್ಸಿ ಬಂತು. ಮೂಲ ಸುಜುಕಿಯ ಎಸ್‌ಜೆ410. ಇಲ್ಲಿ ಅದಕ್ಕೆ ಎಂಜಿ410 ಅಂತ ಹೆಸರು. 970 ಸಿಸಿ ಇಂಜಿನ್, 45 ಎಚ್‌ಪಿ, ನಾಲ್ಕು ಗೇರು. 1993ರಲ್ಲಿ ಎಡ ಬಲ ಚಕ್ರಗಳ ನಡುವಿನ ಅಗಲವನ್ನು 90 ಮಿಲಿಮೀಟರ್ ಹೆಚ್ಚಿಸಿದರು. ಚಕ್ರದ ಮೇಲೆ ಹೊರಗೆ ಚಾಚಿದ ಫೆಂಡರ್ ಕಂಡರೆ ಅದು ಅಗಲದ ಗಾಡಿ. 1996ರಲ್ಲಿ ಕಿಂಗ್ ಬಂತು. 1298 ಸಿಸಿ ಇಂಜಿನ್, 60 ಎಚ್‌ಪಿ, ಐದು ಗೇರು. 2000ದಲ್ಲಿ ಅದೇ 1.3 ಲೀಟರಿಗೆ 16 ವಾಲ್ವ್, ಎಂಪಿಎಫ್‌ಐ ಕೊಟ್ಟರು, ಶಕ್ತಿ 80 ಎಚ್‌ಪಿಗೆ ಏರಿತು. ಅಲ್ಲಿಂದ ಮುಂದೆ ಮಾರಾಟ ನಿಲ್ಲುವವರೆಗೂ ಹೇಳಿಕೊಳ್ಳುವಂಥ ದೊಡ್ಡ ಬದಲಾವಣೆ ಆಗಲಿಲ್ಲ. ಆದ್ದರಿಂದ 2002ರ ಗಾಡಿ ಚೆನ್ನಾಗಿದ್ದು 2012ರದ್ದು ಸುಮಾರಾಗಿದ್ದರೆ, ಇಸವಿ ನೋಡಿ ದುಡ್ಡು ಕೊಡಬೇಡಿ. ಓಡಿಸುವಾಗ ಎರಡೂ ಒಂದೇ ಗಾಡಿ.

1991ರ ಗಾಡಿ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಕಡೆ ಭತ್ತದ ಗದ್ದೆಗಳ ನಡುವೆ ಎಡದಂಡೆ ಕಾಲುವೆ ಪಕ್ಕದ ದಾರಿಗಳಿವೆಯಲ್ಲ, ಅಲ್ಲಿಗೆ ಅದರಷ್ಟು ಹೊಂದುವ ಗಾಡಿ ಇನ್ನೊಂದಿಲ್ಲ. ಸಪೂರ ಗಾಡಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಸರಿದು ನಿಲ್ಲಬಹುದು. ನಲವತ್ತರ ಸ್ಪೀಡಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದರೆ ಸುಮ್ನೆ ಹೋಗುತ್ತಲೇ ಇರೋಣ ಅನ್ನಿಸುತ್ತದೆ. ತೊಂದರೆ ಶುರುವಾಗುವುದು ಹೈವೇ ಹತ್ತಿದ ಮೇಲೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ನಡುವೆ ಲಾರಿಗಳದ್ದೇ ರಾಜ್ಯ. ಎತ್ತರದ ಬಾಡಿ, ಕಿರಿದಾದ ಚಕ್ರದ ಅಗಲ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಪಕ್ಕದಲ್ಲಿ ಅದಿರಿನ ಲಾರಿ ಹಾದುಹೋದರೆ ಗಾಳಿಗೆ ಗಾಡಿ ವಾಲುತ್ತದೆ. ಐದನೇ ಗೇರು ಇಲ್ಲ, ಹಾಗಾಗಿ ಎಪ್ಪತ್ತರ ಮೇಲೆ ಇಂಜಿನ್ ಕಿರುಚುತ್ತದೆ. ಬ್ರೇಕಿಗೆ ಕಾಲಿನ ಬಲ ಬೇಕು. ನೀವು ಊರ ಸುತ್ತಮುತ್ತಲೇ ಇರುತ್ತೇವೆ ಅಂದಿದ್ದರೆ ನನ್ನ ಉತ್ತರ ಬೇರೆ ಆಗುತ್ತಿತ್ತು. ಆದರೆ ಮಳೆಗಾಲದಲ್ಲಿ ಸಂಡೂರಿಗೆ ಹೋಗಬೇಕು ಅಂತಲೂ ಬರೆದಿದ್ದೀರಿ. ಹೋಗಲೇಬೇಕು, ಆಗಸ್ಟಿನಿಂದ ಅಕ್ಟೋಬರ್ ಒಳಗೆ ಆ ಗುಡ್ಡಗಳ ಹಸಿರನ್ನು ಟಾಪ್ ಇಲ್ಲದ ಗಾಡಿಯಲ್ಲೇ ನೋಡಬೇಕು. ಆದರೆ ಅಲ್ಲಿಗೆ ಹೋಗಿ ಬರುವ ದಾರಿ 970 ಸಿಸಿಗೆ ಭಾರ.

1998ರ ಕಿಂಗ್ ಮೇಲ್ನೋಟಕ್ಕೆ ಸರಿಯಾದ ರಾಜಿ ಅನ್ನಿಸುತ್ತದೆ. ದೊಡ್ಡ ಇಂಜಿನ್, ಐದು ಗೇರು, ಅಗಲದ ಚಕ್ರ, ಬೆಲೆಯೂ ಕಡಿಮೆ. ಆದರೂ ಮೂರರಲ್ಲಿ ನಾನು ಮೊದಲು ಕೈಬಿಡುವುದು ಅದನ್ನೇ. ಕಾರಣ ನಮ್ಮ ಬಿಸಿಲು ಮತ್ತು ಈಗಿನ ಪೆಟ್ರೋಲು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರ್ಬ್ಯುರೇಟರ್ ಗಾಡಿಯನ್ನು ಹೈವೇಯಲ್ಲಿ ಓಡಿಸಿ, ಟೀ ಕುಡಿಯಲು ಹತ್ತು ನಿಮಿಷ ನಿಲ್ಲಿಸಿದರೆ, ಇಂಜಿನ್ನಿನ ಕಾವಿಗೆ ಕಾರ್ಬ್ಯುರೇಟರಿನ ಬಟ್ಟಲಲ್ಲಿರುವ ಪೆಟ್ರೋಲು ಆವಿಯಾಗುತ್ತದೆ. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಆ ಕಾಲದ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಮಾಡಿದ್ದು ಇದಕ್ಕಲ್ಲ. ಎಥೆನಾಲ್ ತೇವವನ್ನು ಹೀರುತ್ತದೆ, ಭಾನುವಾರ ಮಾತ್ರ ಓಡುವ ಗಾಡಿಯ ಟ್ಯಾಂಕಿನಲ್ಲಿ ಅದು ತುಕ್ಕಿಗೆ ದಾರಿ. ಎಂಪಿಎಫ್‌ಐ ಗಾಡಿಗೂ ಈ ಕಾಟ ತಪ್ಪಿದ್ದಲ್ಲ, ಅದರ ಪೈಪುಗಳನ್ನೂ ಬದಲಿಸಬೇಕು. ಆದರೆ ಕಾರ್ಬ್ಯುರೇಟರಿನಲ್ಲಿ ಸಣ್ಣ ಸಣ್ಣ ರಂಧ್ರಗಳ ಮೇಲೇ ಇಡೀ ಗಾಡಿಯ ನಡತೆ ನಿಂತಿದೆ, ಕಸ ಬಂದು ಕೂತರೆ ಮುಗಿಯಿತು. ಕಾರ್ಬ್ಯುರೇಟರ್ ಟ್ಯೂನ್ ಮಾಡಬಲ್ಲ ಹಿರಿಯ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಅವರ ಕೈಗುಣ ದೊಡ್ಡದು. ಅಂಥವರೊಬ್ಬರು ನಿಮ್ಮ ಓಣಿಯಲ್ಲೇ ಇದ್ದರೆ ಮಾತ್ರ 1998ರ ಗಾಡಿ ಯೋಚಿಸಿ.

ಎಂಪಿಎಫ್‌ಐಯಲ್ಲಿ ಪೆಟ್ರೋಲು ಒತ್ತಡದಲ್ಲಿ ಬರುತ್ತದೆ. ಮೇ ತಿಂಗಳ ಮಧ್ಯಾಹ್ನವೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತದೆ. ಈ ಇಂಜಿನ್ ಎಸ್ಟೀಮ್‌ನಲ್ಲೂ ವರ್ಸಾದಲ್ಲೂ ಇತ್ತು, ಹಾಗಾಗಿ ಬಿಡಿಭಾಗ ಸಿಗುತ್ತವೆ, ಕೈ ಪಳಗಿದ ಮೆಕ್ಯಾನಿಕ್ ಸಿಗುತ್ತಾರೆ. ಗಾಡಿ ತೂಕ ಒಂದು ಟನ್ನಿನ ಆಸುಪಾಸು, ಅದಕ್ಕೆ 80 ಎಚ್‌ಪಿ. ಇಂಜಿನ್ನಿಗೆ ಸ್ವಲ್ಪ ತಿರುಗಿದರೇನೇ ಉಸಿರು ಬರುವುದು. ಪೂರ್ತಿ ಎಳೆತ ಸಿಗುವುದು 4500 ಆರ್‌ಪಿಎಂ ಹತ್ತಿರ. ಲಾರಿ ದಾಟಬೇಕಾದರೆ ಮೂರನೇ ಗೇರಿಗೆ ಇಳಿಸಿ ಒತ್ತಿ, ಆಗ ಗೊತ್ತಾಗುತ್ತದೆ ಜನ ಯಾಕೆ ಈ ಗಾಡಿಗೆ ಮರುಳಾಗುತ್ತಾರೆ ಅಂತ. ಬ್ರೇಕಿಗೆ ಬೂಸ್ಟರ್ ಇದೆ, ಪಕ್ಕದಲ್ಲಿ ಕೂರುವ ನಿಮ್ಮ ಮನೆಯವರಿಗೂ ಸಮಾಧಾನ. ಮೈಲೇಜ್ ಮಾತ್ರ ಕೇಳಬೇಡಿ, ಲೀಟರಿಗೆ ಹತ್ತು ಕಿಲೋಮೀಟರ್ ಬಂದರೆ ಖುಷಿಪಡಿ.

ಇನ್ನು 2008ರಿಂದ 2011ರ ಮಾತು. ನೀವು ನೋಡಿರುವ ಗಾಡಿ ಕೆಎ-35, ಅಂದರೆ ಹೊಸಪೇಟೆ ರಿಜಿಸ್ಟ್ರೇಷನ್. ಆ ವರ್ಷಗಳು ಗಣಿಯ ಉಬ್ಬರದ ಕಾಲ. ಸಂಡೂರು, ಹೊಸಪೇಟೆ ಸುತ್ತ ಗಣಿಗಳಿಗೆ ಹತ್ತಿ ಇಳಿಯಲು ಜಿಪ್ಸಿ, ಜೀಪು, ಬೊಲೆರೊ ಬೇಕಾಗಿದ್ದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅಂಥ ಗಾಡಿಗಳು ಮಾರಾಟಕ್ಕೆ ಬಂದವು. ಹೊಸ ಪೇಂಟು, ಹೊಸ ಟಾಪು ಹಾಕಿಸಿಕೊಂಡು ಕೈಯಿಂದ ಕೈಗೆ ಹೋದವು. ಮೊದಲ ಮೂರು ವರ್ಷ ಗಣಿಯಲ್ಲಿ ಕಳೆದ ಗಾಡಿಯೂ, ಹೊಸಪೇಟೆಯ ಮನೆಯೊಂದರಲ್ಲಿ ಬೆಳೆದ ಗಾಡಿಯೂ ಮೇಲಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಕೆಳಗೆ ಮಲಗಿ ನೋಡಿದರೆ ಎರಡರ ಕಥೆ ಬೇರೆ.

ಅದಿರಿನ ದೂಳು ತುಂಬಾ ನುಣುಪು, ತುಂಬಾ ಭಾರ. ಛಾಸಿಯ, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿ ಚೌಕಟ್ಟಿನ, ಉಕ್ಕಿನ ಪೆಟ್ಟಿಗೆಯ ಒಳಗೆ ಸಣ್ಣ ತೂತುಗಳಿಂದ ನುಗ್ಗಿ ತಳದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಗೋಡೆಗೆ ಮೆತ್ತಿದ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ, ಹೊರಗೆ ಕಪ್ಪು ಪೇಂಟು ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಹೀಗೆ ಮಾಡಿ. ಹಿಂದಿನ ಚಕ್ರದ ಮುಂಭಾಗದಲ್ಲಿ, ಲೀಫ್ ಸ್ಪ್ರಿಂಗ್ ಛಾಸಿಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಠಣ್ ಅನ್ನುತ್ತದೆ, ತಿಂದಿರುವ ಕಡೆ ಸದ್ದು ಸಾಯುತ್ತದೆ. ಛಾಸಿಯ ತೂತಿಗೆ ತೆಳ್ಳಗಿನ ತಂತಿ ಹಾಕಿ ಕೆದಕಿ. ಕೆಂಪು ಪುಡಿ ಉದುರಿತು ಅಂದರೆ ಗಣಿಯ ಗಾಡಿ, ಮಾಲೀಕರು ಏನೇ ಹೇಳಲಿ. ತುಕ್ಕಿನ ಪುಡಿಯೂ ಕೆಂಪೇ ಅಲ್ವಾ ಅಂತ ಕೇಳಬಹುದು. ತುಕ್ಕು ಪದರ ಪದರವಾಗಿ ಏಳುತ್ತದೆ, ಬೆರಳಿಗೆ ತರಿ ತರಿ ಅನ್ನಿಸುತ್ತದೆ. ಅದಿರಿನ ದೂಳು ಬೆರಳ ರೇಖೆಯೊಳಗೆ ಇಳಿದು ಕೂರುತ್ತದೆ, ತೊಳೆದರೂ ಬೇಗ ಹೋಗುವುದಿಲ್ಲ.

ಆಮೇಲೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿಸಿ ನೋಡಿ. ಗಾಜಿನ ಚೌಕಟ್ಟಿನ ಕೆಳ ಅಂಚು, ಹಿಂದಿನ ಚಕ್ರದ ಕಮಾನು, ಬಾಡಿ ಛಾಸಿಗೆ ಕೂರುವ ಮೌಂಟಿಂಗ್, ಇವೆಲ್ಲಾ ಜಿಪ್ಸಿಯಲ್ಲಿ ತುಕ್ಕಿನ ಮನೆಗಳು. ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿನ ಬದಲು ಪುಟ್ಟಿ (ಮೆತ್ತುವ ಲೇಪ) ತುಂಬಿದ್ದಾರೆ. ಬಾಡಿಯ ತಗಡು ಹೋಗಿದ್ದರೆ ಹೆದರಬೇಡಿ, ಅದನ್ನು ಕತ್ತರಿಸಿ ಬೇರೆ ಕೂರಿಸಬಹುದು. ಛಾಸಿ ಹೋಗಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಓಡಿಸಿ ನೋಡುವಾಗ ಸ್ಪೀಡನ್ನು ನಿಧಾನವಾಗಿ ಅರವತ್ತು, ಎಪ್ಪತ್ತಕ್ಕೆ ಏರಿಸಿ. ಆ ಹೊತ್ತಿಗೆ ಸ್ಟೀರಿಂಗ್ ಗಡಗಡ ನಡುಗಿದರೆ ಮುಂದಿನ ಚಕ್ರ ಎಡಬಲ ತಿರುಗುವ ಜಾಗದ ಕಿಂಗ್‌ಪಿನ್ ಬೇರಿಂಗ್ ಸವೆದಿರಬಹುದು, ಇಲ್ಲವೇ ಚಕ್ರ ಬ್ಯಾಲೆನ್ಸ್ ತಪ್ಪಿರಬಹುದು. ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಇದು ಸರಿ ಮಾಡಬಹುದಾದ ಕೆಲಸ, ಬೆಲೆ ಇಳಿಸಲು ಬಳಸಿಕೊಳ್ಳಿ. ಫೋರ್ ವೀಲ್ ಪರೀಕ್ಷೆ ಮಾಡಲು ನದಿಯ ಮರಳಿಗೆ ಇಳಿಯಬೇಕಿಲ್ಲ, ಉಳುಮೆ ಮಾಡಿದ ಎರೆ ಹೊಲದ ಅಂಚು ಸಾಕು. ಸಣ್ಣ ಲಿವರನ್ನು 4ಎಲ್‌ಗೆ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿಗೆ) ಹಾಕಿ, ಇನ್ನೊಬ್ಬರಿಗೆ ಓಡಿಸಲು ಕೊಟ್ಟು ನೀವು ಕೆಳಗೆ ನಿಂತು ನೋಡಿ. ಮುಂದಿನ ಚಕ್ರ ಮಣ್ಣು ಕೆದರಬೇಕು. ಹಿಂದಿನವು ಮಾತ್ರ ತಿರುಗಿದರೆ ಮುಂದಿನ ಹಬ್ (ಚಕ್ರದ ನಡುಭಾಗ) ಲಾಕ್ ಆಗುತ್ತಿಲ್ಲ. ಲಿವರ್ ತಾನಾಗಿ ಹೊರಗೆ ಹಾರುತ್ತಾ ಅಂತಲೂ ಗಮನಿಸಿ, ಹಾರಿದರೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೆಲಸ ಬಾಕಿ ಇದೆ. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಫೋರ್ ವೀಲ್ ಹಾಕಬೇಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಜಿಪ್ಸಿಗೆ ಇಲ್ಲ, ತಿರುವಿನಲ್ಲಿ ಗಾಡಿಯ ಒಳಗೆಲ್ಲಾ ಬಿಗಿ ಬೀಳುತ್ತದೆ.

ಕಾಗದ ಪತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಆದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2008ರ ಗಾಡಿಗೆ 2023ರಲ್ಲಿ ಆಗಿರಬೇಕಿತ್ತು. ಆಗಿದೆಯಾ ಅಂತ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನೋಡಿ. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರುಗಳ ರಿನ್ಯೂವಲ್ ಶುಲ್ಕ 10,000 ರೂಪಾಯಿ ಆಗಿದೆ, ಅದಕ್ಕೂ ಕೆಳಗಿನ ವಯಸ್ಸಿನವಕ್ಕೆ 5,000. 1991 ಮತ್ತು 1998ರ ಗಾಡಿ ಅಗ್ಗ ಅನ್ನುವ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ಆರ್‌ಸಿಯಲ್ಲಿ ಇರುವ ಸಿಸಿ, ಇಂಧನ, ಇಂಜಿನ್ ನಂಬರು ಗಾಡಿಯಲ್ಲಿ ಇರುವುದಕ್ಕೆ ತಾಳೆ ಆಗಲೇಬೇಕು. 970 ಸಿಸಿ ಗಾಡಿಗೆ 1300 ಇಂಜಿನ್ ಕೂರಿಸಿ ಕಿಂಗ್ ಅಂತ ಮಾರುವುದು, ಡೀಸೆಲ್ ಇಂಜಿನ್ ಹಾಕುವುದು ನಡೆದೇ ಇದೆ. ಮೂಲ ವಿನ್ಯಾಸ ಬದಲಿಸಿದ ಗಾಡಿಗೆ ರಿಜಿಸ್ಟ್ರೇಷನ್ ಇಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಗೇರ್ ನಾಬ್ ಮೇಲೆ ನಾಲ್ಕೇ ಗೇರಿನ ಗುರುತು ಇದ್ದರೆ ಅಲ್ಲಿಗೇ ಅನುಮಾನ ಪಡಿ.

ಟಾಪಿನ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಅನ್ನಿಸುತ್ತದೆ. ಮೂರು ಗಾಡಿಯದ್ದೂ ಈಗ ರೆಕ್ಸಿನ್ ಟಾಪೇ ಇರಬಹುದು. ನಮ್ಮ ಬಿಸಿಲಿಗೆ ರೆಕ್ಸಿನ್ ಮಡಿಕೆಯಲ್ಲಿ ಸೀಳುತ್ತದೆ, ಪ್ಲಾಸ್ಟಿಕ್ ಕಿಟಕಿ ಹಳದಿ ಬಣ್ಣಕ್ಕೆ ತಿರುಗಿ ಹೊರಗೆ ಏನೂ ಕಾಣುವುದಿಲ್ಲ. ದಪ್ಪ ಕ್ಯಾನ್ವಾಸಿನದ್ದು ಹೊಲಿಸಿ. ಬಳ್ಳಾರಿಗೆ ಬನ್ನಿ, ಜೀನ್ಸ್ ಹೊಲಿಯುವ ಊರಿನಲ್ಲಿ ದಪ್ಪ ಬಟ್ಟೆಗೆ ಸೂಜಿ ಹಾಕುವ ಕೈಗಳಿಗೆ ಬರವಿಲ್ಲ. ಹಳೇ ಟಾಪನ್ನು ಅಳತೆಗೆ ಕೊಡಿ. ಪೈಪಿನ ಚೌಕಟ್ಟು ಮಾತ್ರ ಗಾಡಿಯ ಜೊತೆಗೇ ಪೂರ್ತಿ ಇದೆಯಾ ಅಂತ ಮೊದಲೇ ಎಣಿಸಿಕೊಳ್ಳಿ. ಬಟ್ಟೆ ಹೊಲಿಸಬಹುದು, ಕಳೆದುಹೋದ ಕಮಾನು, ಕ್ಲಾಂಪು ಹುಡುಕುವುದು ಕಷ್ಟ. ಟಾಪ್ ಬಿಚ್ಚಿದರೂ ಹಿಂದಿನ ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ಕಮಾನು) ಬಿಚ್ಚಬೇಡಿ.

ಅಷ್ಟು ದುಡ್ಡಿಗೆ ಹಳೇ ಮಹೀಂದ್ರ ಥಾರ್ ಯಾಕೆ ಬೇಡ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2010ರಿಂದ 2020ರವರೆಗಿನ ಥಾರ್ ಸಿಆರ್‌ಡಿಇ ಒಳ್ಳೆಯ ಗಾಡಿ, ಎಳೆತ ಜಾಸ್ತಿ, ಡೀಸೆಲ್. ಆದರೆ ಅದು ಭಾರ, ದೊಡ್ಡದು. ಆನೆಗೊಂದಿಯ ಬಂಡೆಗಳ ನಡುವಿನ ಆ ಸಣ್ಣ ದಾರಿಯಲ್ಲಿ ಹಗುರ ಗಾಡಿಯ ಸುಖವೇ ಬೇರೆ. ನಿಮಗೆ ಬೇಕಾಗಿರುವುದೂ ಅದೇ ಅಂತ ನಿಮ್ಮ ಪ್ರಶ್ನೆ ಓದಿ ನನಗೆ ಅನ್ನಿಸಿತು.

2008ರ ಗಾಡಿಯ ಛಾಸಿ ತಟ್ಟಿದಾಗ ಸದ್ದು ಸತ್ತರೆ, ಅದರ ಬದಲಿಗೆ 1998ರದ್ದನ್ನು ತರಬೇಡಿ. ಕಾಯಿರಿ. ರಾಯಚೂರು, ಸಿಂಧನೂರು ಕಡೆಯ ಕೆಎ-36 ಗಾಡಿಗಳನ್ನು ಹುಡುಕಿ, ಗಣಿ ಕಾಣದ ಗಾಡಿಗಳು ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಅನಂತಪುರ, ಕರ್ನೂಲು ಕಡೆಯದ್ದು ಸಿಕ್ಕರೆ ಎನ್‌ಒಸಿ (ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಮಾರುವವರೇ ತರಿಸಿಕೊಡಬೇಕು, ಕರ್ನಾಟಕದ ಟ್ಯಾಕ್ಸನ್ನು ಬೆಲೆಯಲ್ಲಿ ಕಳೆದು ಮಾತಾಡಿ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದಲೂ ಜಿಪ್ಸಿಗಳು ದಕ್ಷಿಣಕ್ಕೆ ಬರುತ್ತಿವೆ. ಅಂಥದ್ದು ಕಂಡರೆ ಎನ್‌ಒಸಿ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಾಡಿ ಮನೆಗೆ ಬಂದ ಮೇಲೆ ಮೊದಲು ಟೈಮಿಂಗ್ ಬೆಲ್ಟ್ ಬದಲಿಸಿ, ಹಿಂದಿನವರು ಹಾಕಿಸಿದ್ದೇವೆ ಅಂದರೂ ಸರಿ. ಆಮೇಲೆ ಪೆಟ್ರೋಲ್ ಪೈಪುಗಳು, ರೇಡಿಯೇಟರ್ ಪೈಪುಗಳು, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್. ಇಷ್ಟು ಮುಗಿಸಿ ಸಣಾಪುರಕ್ಕೆ ಹೊರಡಿ. ಛಾಸಿಯ ಫೋಟೋ ತೆಗೆದು ಇಲ್ಲೇ ಹಾಕಿದರೆ ನೋಡಿ ಹೇಳುತ್ತೇನೆ. ಹಿಂದಿನ ಸ್ಪ್ರಿಂಗ್ ಸೇರುವ ಜಾಗದ್ದು, ಎರಡೂ ಬದಿಯದ್ದು, ಹತ್ತಿರದಿಂದ ತೆಗೆಯಿರಿ.